ಪ್ರಥಮ ಪಿಯುಸಿ: ವರ್ತಕ ಕುಟುಂಬಗಳು ಯೋಜನೆ ರೂಪಿಸಬೇಕಾದ ವರ್ಷ

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಲೆಕ್ಕಪರಿಶೋಧಕರ ಕಚೇರಿಗೆ ಬರುವ ಕಕ್ಷಿದಾರರ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಜಿಎಸ್‌ಟಿ ವಿವರಪಟ್ಟಿ, ಬ್ಯಾಂಕಿನ ಸಾಲದ ಮಿತಿ ಇತ್ಯಾದಿಗಳ ಮಾತು ಮುಗಿದು, ಇನ್ನೇನು ಎದ್ದು ಹೊರಡಬೇಕು ಎನ್ನುವಾಗ ಒಂದು ಪ್ರಶ್ನೆ ಬರುತ್ತದೆ: ‘ಮಗನದು ಪಿಯುಸಿ ಮುಗಿಯಿತು, ಮುಂದೇನು ಓದಿಸುವುದು?’ ಕೇಳುವವರಿಗೆ ಇದು ಸಕಾಲಿಕ ಪ್ರಶ್ನೆಯೆಂದೇ ತೋರುತ್ತದೆ. ವಾಸ್ತವದಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ತಡವಾಗಿ ಬಂದ ಪ್ರಶ್ನೆ.

ಋತುಮಾನಕ್ಕೆ ಮೂರು ತಿಂಗಳು ಮೊದಲೇ ಸರಕಿನ ಬೇಡಿಕೆಯನ್ನು ಅಂದಾಜು ಮಾಡುವ, ದೀಪಾವಳಿಯ ವ್ಯಾಪಾರಕ್ಕೆ ಶ್ರಾವಣದಲ್ಲೇ ಸಿದ್ಧತೆ ನಡೆಸುವ ನಮ್ಮ ವರ್ತಕ ಬಾಂಧವರು ಸ್ವಂತ ಮಕ್ಕಳ ಭವಿಷ್ಯದ ವಿಷಯದಲ್ಲಿ ಮಾತ್ರ ಫಲಿತಾಂಶದ ದಿನದವರೆಗೆ ಕಾಯುವುದು ಸೋಜಿಗದ ಸಂಗತಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ಪರೀಕ್ಷೆಯ ಒತ್ತಡವಿನ್ನೂ ಏರದ, ಆದರೆ ಆಲೋಚಿಸುವ ಶಕ್ತಿ ಬಂದಿರುವ ಅವಧಿಯೆಂದರೆ ಪ್ರಥಮ ಪಿಯುಸಿ. ನಿರ್ಧಾರಕ್ಕೆ ಬೇಕಾದ ಮಾಹಿತಿ, ಹಣ ಮತ್ತು ದಾಖಲೆ ಈ ಮೂರನ್ನೂ ಸಜ್ಜುಗೊಳಿಸಬೇಕಾದ ವರ್ಷವೂ ಅದೇ.

ಫಲಿತಾಂಶಕ್ಕೆ ಮೊದಲೇ ಮುಗಿಯುವ ಗಡುವುಗಳು

ಪಿಯುಸಿ ನಂತರದ ಬಹುತೇಕ ಕೋರ್ಸುಗಳ ಪ್ರವೇಶ ಪ್ರಕ್ರಿಯೆ ಪಿಯುಸಿ ಫಲಿತಾಂಶಕ್ಕೆ ಮುಂಚೆಯೇ ಆರಂಭವಾಗುತ್ತದೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ನಡೆಯುವ ಕ್ಲ್ಯಾಟ್ ಪರೀಕ್ಷೆಯು ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್ ತಿಂಗಳಲ್ಲೇ, ಅಂದರೆ ವಿದ್ಯಾರ್ಥಿ ಇನ್ನೂ ದ್ವಿತೀಯ ಪಿಯುಸಿ ತರಗತಿಯಲ್ಲಿರುವಾಗಲೇ ನಡೆಯುತ್ತಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿಇಟಿಗೆ ಅರ್ಜಿ ಸಲ್ಲಿಸುವ ಅವಧಿ ಪಿಯುಸಿ ವಾರ್ಷಿಕ ಪರೀಕ್ಷೆಗೆ ಮೊದಲೇ ಆರಂಭವಾಗಿರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ಜಾರಿಯಲ್ಲಿರುವ ಸಿಯುಇಟಿಯ ಅರ್ಜಿಯೂ ಫಲಿತಾಂಶವನ್ನು ಕಾಯುವುದಿಲ್ಲ.

ನಮ್ಮ ಸದಸ್ಯರ ಮಕ್ಕಳಲ್ಲಿ ಹಲವರು ಆಯ್ದುಕೊಳ್ಳುವ ಸಿಎ ವ್ಯಾಸಂಗವನ್ನೇ ತೆಗೆದುಕೊಳ್ಳೋಣ. ಹತ್ತನೆಯ ತರಗತಿ ಮುಗಿಸಿದ ಕೂಡಲೇ ಫೌಂಡೇಷನ್ ಕೋರ್ಸಿಗೆ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದ ಬಳಿಕ ಫೌಂಡೇಷನ್ ಪರೀಕ್ಷೆ ಬರೆಯಬಹುದು. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳ ಅಧ್ಯಯನದ ಅವಧಿ ಇರಲೇಬೇಕು. ಆದ್ದರಿಂದ ಮೇ ತಿಂಗಳ ಪರೀಕ್ಷೆಗೆ ಕೂರಬೇಕಾದವರು ಜನವರಿ 1ರೊಳಗೆ ನೋಂದಣಿ ಪೂರೈಸಿರಬೇಕು. ಏಪ್ರಿಲ್‌ನಲ್ಲಿ ಪಿಯುಸಿ ಫಲಿತಾಂಶ ನೋಡಿ ‘ಸಿಎ ಮಾಡಿಸೋಣ’ ಎಂದು ತೀರ್ಮಾನಿಸಿದವರಿಗೆ ಅದೇ ಮೇ ತಿಂಗಳ ಅವಕಾಶ ಆಗಲೇ ಕೈತಪ್ಪಿರುತ್ತದೆ.

ಇನ್ನೊಂದು ಅಂಶ ಗಮನಾರ್ಹ. ಫೌಂಡೇಷನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿಯಾಗಿ ವ್ಯಾವಹಾರಿಕ ಗಣಿತ, ತಾರ್ಕಿಕ ವಿಶ್ಲೇಷಣೆ ಮತ್ತು ಸಂಖ್ಯಾಶಾಸ್ತ್ರಕ್ಕೆ ಮೀಸಲು. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ. 40, ಒಟ್ಟಾರೆ ಶೇ. 50 ಅಂಕ ಬರಬೇಕು. ವಾಣಿಜ್ಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಅಥವಾ ಗಣಿತದ ಬದಲಿಗೆ ಇತಿಹಾಸದ ಸಂಯೋಜನೆಯನ್ನು ಆಯ್ದುಕೊಂಡ ವಿದ್ಯಾರ್ಥಿಗೆ ಸಿಎ ಬಾಗಿಲು ಮುಚ್ಚಿಲ್ಲ. ಆದರೆ ಗಣಿತವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಲು ಅವನಿಗೆ ಕಾಲಾವಕಾಶ ಬೇಕು. ಆ ಕಾಲಾವಕಾಶ ಇರುವುದು ಪ್ರಥಮ ಪಿಯುಸಿಯಲ್ಲಿ ಮಾತ್ರ. ಫೌಂಡೇಷನ್‌ನಲ್ಲಿ ಮುಗ್ಗರಿಸಿದರೂ ದಾರಿ ಮುಗಿಯುವುದಿಲ್ಲ ಎಂಬುದನ್ನು ಪೋಷಕರು ತಿಳಿದಿರಬೇಕು. ಶೇ. 55 ಅಂಕಗಳೊಂದಿಗೆ ವಾಣಿಜ್ಯ ಪದವಿ ಪಡೆದವರು ಫೌಂಡೇಷನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ತರಬೇತಿಯೂ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಪದವಿಯ ಅವಧಿಯ ವಿಷಯದಲ್ಲಿಯೂ ಗೊಂದಲ ಬೇಡ. 2021-22ರಲ್ಲಿ ರಾಜ್ಯದಲ್ಲಿ ಆರಂಭವಾಗಿದ್ದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಲಾಗಿದೆ.

ಶಿಕ್ಷಣಕ್ಕೂ ಒಂದು ಆಯವ್ಯಯ

ಎರಡನೆಯ ವಿಷಯ ಹಣದ್ದು. ಒಂದು ಊಹಾತ್ಮಕ ಲೆಕ್ಕವನ್ನು ನೋಡೋಣ. ಬೇರೆ ಊರಿನ ಕಾಲೇಜಿನಲ್ಲಿ ಬಿ.ಕಾಂ. ಓದಲು ಶುಲ್ಕ, ವಸತಿ, ಊಟ ಎಲ್ಲ ಸೇರಿ ಇಂದು ವರ್ಷಕ್ಕೆ 1,20,000 ರೂ. ತಗಲುತ್ತದೆ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ 3,60,000 ರೂ. ಎಂದು ಯಾರಾದರೂ ಬಾಯಿಲೆಕ್ಕ ಹಾಕುತ್ತಾರೆ. ಆದರೆ ಪ್ರಥಮ ಪಿಯುಸಿಗೆ ಈಗಷ್ಟೇ ಸೇರಿದ ಮಗು ಪದವಿಗೆ ಸೇರುವುದು ಎರಡು ವರ್ಷಗಳ ಬಳಿಕ. ವೆಚ್ಚವು ವರ್ಷಕ್ಕೆ ಶೇ. 8ರಂತೆ ಏರಿದರೆ ಮೊದಲ ವರ್ಷಕ್ಕೆ ಸುಮಾರು 1,40,000, ಎರಡನೆಯ ವರ್ಷಕ್ಕೆ 1,51,000, ಮೂರನೆಯ ವರ್ಷಕ್ಕೆ 1,63,000 ರೂ. ಆಗುತ್ತದೆ. ಒಟ್ಟು 4,54,000 ರೂ. ಬಾಯಿಲೆಕ್ಕಕ್ಕಿಂತ 94,000 ರೂ. ಹೆಚ್ಚು. ಇಂದಿನಿಂದಲೇ ತಿಂಗಳಿಗೆ 10,000 ರೂ.ನಂತೆ ತೆಗೆದಿಟ್ಟರೆ ಪ್ರವೇಶದ ವೇಳೆಗೆ ಬಡ್ಡಿಯನ್ನು ಬಿಟ್ಟರೂ 2,40,000 ರೂ. ಕೈಯಲ್ಲಿರುತ್ತದೆ; ಉಳಿದದ್ದನ್ನು ಮೂರು ವರ್ಷಗಳ ಆದಾಯದಿಂದ ಭರಿಸುವುದು ಕಷ್ಟವಾಗದು.

ಹೀಗೆ ಮಾಡದವರು ಏನು ಮಾಡುತ್ತಾರೆಂಬುದು ಲೆಕ್ಕಪುಸ್ತಕಗಳಲ್ಲಿ ಕಾಣುತ್ತದೆ. ಶುಲ್ಕವನ್ನು ಅಂಗಡಿಯ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಎಳೆಯಲಾಗುತ್ತದೆ. ಕಾಲೇಜುಗಳ ಪ್ರವೇಶದ ಕಾಲವೆಂದರೆ ಬೀಜ, ಗೊಬ್ಬರದ ವರ್ತಕರಿಗೆ ಮುಂಗಾರಿನ ದಾಸ್ತಾನಿನ ಕಾಲ. ಪುಸ್ತಕ, ಸಮವಸ್ತ್ರದ ವರ್ತಕರಿಗೂ ವರ್ಷದ ಮುಖ್ಯ ವ್ಯಾಪಾರದ ಕಾಲ. ದುಡಿಯುವ ಬಂಡವಾಳಕ್ಕೆ ಅತಿ ಹೆಚ್ಚು ಬೇಡಿಕೆಯಿರುವ ತಿಂಗಳಲ್ಲೇ ಅದನ್ನು ಹೊರತೆಗೆದರೆ ವ್ಯಾಪಾರವೂ ಸೊರಗುತ್ತದೆ. ಹಾಗೆ ತೆಗೆದ ಹಣ ಮಾಲೀಕರ ವೈಯಕ್ತಿಕ ಹಿಂಪಡೆತವೇ ಹೊರತು ವ್ಯವಹಾರದ ಖರ್ಚಲ್ಲ. ಅದನ್ನು ಆದಾಯದಿಂದ ಕಳೆಯುವಂತಿಲ್ಲ.

ಶಿಕ್ಷಣ ಸಾಲದ ದಾರಿಯನ್ನೂ ಮೊದಲೇ ಅರಿತಿರುವುದು ಲೇಸು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಗುಣಮಟ್ಟದ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಆಸ್ತಿಯ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಒಳಗಿದ್ದು, ಯೋಜನೆಯ ಇತರ ಷರತ್ತುಗಳನ್ನು ಪೂರೈಸಿದರೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3ರ ರಿಯಾಯಿತಿಗೂ ಅವಕಾಶವಿದೆ. ಈ ಸೌಲಭ್ಯ ಕಾಲೇಜನ್ನು ಅವಲಂಬಿಸಿರುವುದರಿಂದ, ಮೆಚ್ಚಿದ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಸೇರಿದ ಮೇಲಲ್ಲ, ಸೇರುವ ಮುನ್ನ ನೋಡಬೇಕು. ಶಿಕ್ಷಣ ಸಾಲದ ಬಡ್ಡಿಯ ಮೇಲಿನ ಆದಾಯ ತೆರಿಗೆ ಕಡಿತವು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಲಭ್ಯ ಎಂಬುದೂ ನೆನಪಿರಲಿ. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ, ಆಕೆ ಹತ್ತನೆಯ ತರಗತಿ ಮುಗಿಸಿದ ನಂತರ ಹಿಂದಿನ ಹಣಕಾಸು ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ಉನ್ನತ ಶಿಕ್ಷಣಕ್ಕೆಂದು ಹಿಂಪಡೆಯಬಹುದು.

ದಾಖಲೆಗಳ ಸಣ್ಣ ಕೆಲಸ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ ಮತ್ತು ಜಾತಿ-ಆದಾಯ ಪ್ರಮಾಣಪತ್ರಗಳಲ್ಲಿ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂಬುದನ್ನು ಪ್ರಥಮ ಪಿಯುಸಿಯಲ್ಲೇ ಪರಿಶೀಲಿಸಿ. ವಿದ್ಯಾರ್ಥಿವೇತನಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಸಿಇಟಿ ದಾಖಲೆ ಪರಿಶೀಲನೆಗೆ ಮೀಸಲಾತಿ ಪ್ರಮಾಣಪತ್ರ ಹಾಗೂ ರಾಜ್ಯದಲ್ಲಿ ವ್ಯಾಸಂಗ ಮಾಡಿದ ಪ್ರಮಾಣಪತ್ರ ಬೇಕಾಗುತ್ತವೆ. ಈ ಕೆಲಸಗಳನ್ನು ರಜೆಯಲ್ಲಿ ನಿಧಾನವಾಗಿ ಮುಗಿಸಿದರೆ, ಮುಂದೆ ನಾಡಕಚೇರಿಯ ಸಾಲಿನಲ್ಲಿ ಆತಂಕದಿಂದ ನಿಲ್ಲುವ ಪ್ರಸಂಗ ಬರುವುದಿಲ್ಲ. ಅಪ್ರಾಪ್ತ ವಯಸ್ಸಿನಲ್ಲಿ ಪಡೆದ ಪ್ಯಾನ್ ಕಾರ್ಡಿನಲ್ಲಿ ಭಾವಚಿತ್ರ, ಸಹಿ ಇರುವುದಿಲ್ಲ. 18 ತುಂಬಿದ ಬಳಿಕ ಅದನ್ನು ಪರಿಷ್ಕರಿಸಿಕೊಳ್ಳಬೇಕು.

ಹದಿನೆಂಟು ತುಂಬಿದ ದಿನ

ಈಗ ಮುಖ್ಯ ವಿಷಯಕ್ಕೆ ಬರೋಣ. ಪಿಯುಸಿ ಮುಗಿಯುವ ಹೊತ್ತಿಗೆ ಬಹುತೇಕ ಮಕ್ಕಳಿಗೆ 18 ವರ್ಷ ತುಂಬುತ್ತದೆ, ಇಲ್ಲವೇ ತುಂಬುತ್ತಾ ಬಂದಿರುತ್ತದೆ. ನಮ್ಮ ಅನೇಕ ಸಂಸ್ಥೆಗಳ ಪಾಲುದಾರಿಕೆ ಪತ್ರಗಳಲ್ಲಿ ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಲಾಭದ ಮಟ್ಟಿಗೆ ಸೇರಿಸಿಕೊಂಡಿರುವುದುಂಟು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 30ನೇ ಪ್ರಕರಣ ಇದಕ್ಕೆ ಅವಕಾಶ ಕೊಡುತ್ತದೆ. ಅಂತಹ ಮಗುವಿನ ಹೊಣೆ ಸಂಸ್ಥೆಯಲ್ಲಿ ಅದಕ್ಕಿರುವ ಪಾಲಿಗಷ್ಟೇ ಸೀಮಿತ; ವೈಯಕ್ತಿಕ ಹೊಣೆಗಾರಿಕೆ ಇರುವುದಿಲ್ಲ.

ಆದರೆ ಅದೇ ಪ್ರಕರಣ ಮುಂದುವರಿದು ಇನ್ನೊಂದು ಮಾತು ಹೇಳುತ್ತದೆ. ಪ್ರಾಪ್ತ ವಯಸ್ಸಿಗೆ ಬಂದ ದಿನದಿಂದ, ಅಥವಾ ತನ್ನನ್ನು ಹೀಗೆ ಸೇರಿಸಿಕೊಂಡಿರುವ ಸಂಗತಿ ತಿಳಿದ ದಿನದಿಂದ, ಇವೆರಡರಲ್ಲಿ ಯಾವುದು ನಂತರದ್ದೋ ಅಂದಿನಿಂದ ಆರು ತಿಂಗಳೊಳಗೆ, ತಾನು ಪಾಲುದಾರನಾಗುವೆನೋ ಇಲ್ಲವೋ ಎಂಬುದನ್ನು ಆತ ಸಾರ್ವಜನಿಕ ಪ್ರಕಟಣೆಯ ಮೂಲಕ ತಿಳಿಸಬಹುದು. ಸುಮ್ಮನಿದ್ದರೆ ಆರು ತಿಂಗಳು ಮುಗಿದೊಡನೆ ಪಾಲುದಾರನೇ ಆಗುತ್ತಾನೆ. ಆಗ ಲಾಭಕ್ಕೆ ಸೇರ್ಪಡೆಯಾದ ದಿನದಿಂದ ಸಂಸ್ಥೆ ಮಾಡಿಕೊಂಡ ಬಾಧ್ಯತೆಗಳಿಗೆಲ್ಲ, ಅವನ ಬಾಲ್ಯದಲ್ಲಿ ಆದ ಸಾಲಗಳಿಗೂ ಸೇರಿದಂತೆ, ಹೊರಗಿನವರಿಗೆ ವೈಯಕ್ತಿಕವಾಗಿ ಹೊಣೆಗಾರನಾಗುತ್ತಾನೆ. ಸದಸ್ಯರು ತಮ್ಮ ಪಾಲುದಾರಿಕೆ ಪತ್ರವನ್ನು ಇಂದೇ ತೆಗೆದು ನೋಡಿ, ಅಂತಹ ಮಕ್ಕಳು ಯಾರಾದರೂ 18ರ ಹೊಸ್ತಿಲಲ್ಲಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಕಾನೂನಿನ ಈ ಮಾತಿಗೆ ಲೆಕ್ಕಪತ್ರವನ್ನು ಮೀರಿದ ಅರ್ಥವೂ ಇದೆ. ಪಾಲುದಾರಿಕೆ ಪತ್ರವೇ ಇಲ್ಲದ ಮನೆಗಳಲ್ಲೂ ಇದೇ ನಡೆಯುತ್ತದೆ. ಪಿಯುಸಿ ಮುಗಿದ ಹುಡುಗ ‘ಫಲಿತಾಂಶ ಬರುವವರೆಗೆ’ ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾನೆ. ಕೆಲಸದವರ ಕೊರತೆ, ತಂದೆಯ ಆರೋಗ್ಯ, ಮುಂದಿನ ಹಬ್ಬ, ಹೀಗೆ ಒಂದೊಂದೇ ಕಾರಣ ಕೂಡಿಕೊಳ್ಳುತ್ತದೆ. ಯಾರೂ ನಿರ್ಧರಿಸದೆ ನಿರ್ಧಾರವಾಗಿಬಿಡುತ್ತದೆ. ಅಂಗಡಿಗೆ ಬರುವುದು ಕೀಳಲ್ಲ. ಮೂರು ತಲೆಮಾರು ಬೆಳೆಸಿದ ವ್ಯಾಪಾರವನ್ನು ನಾಲ್ಕನೆಯ ತಲೆಮಾರಿಗೆ ದಾಟಿಸುವುದು ಹೆಮ್ಮೆಯ ಕೆಲಸ. ಆದರೆ ಒಪ್ಪಿ ಬಂದವನಿಗೂ ಉಳಿದುಹೋದವನಿಗೂ ವ್ಯತ್ಯಾಸವಿದೆ. ಒಪ್ಪಿ ಬಂದವನು ವ್ಯಾಪಾರವನ್ನು ಬೆಳೆಸುತ್ತಾನೆ. ಉಳಿದುಹೋದವನು ಅದನ್ನು ಸಹಿಸುತ್ತಾನೆ. ಕಾನೂನು ಒಬ್ಬ ಯುವಕನಿಗೆ ಆರು ತಿಂಗಳ ಅವಧಿಯನ್ನೂ ‘ಇಲ್ಲ’ ಎನ್ನುವ ಹಕ್ಕನ್ನೂ ಕೊಟ್ಟಿದೆ. ಮನೆಯವರು ಅದಕ್ಕಿಂತ ಕಡಿಮೆ ಕೊಡಬೇಕೆ?

ಈ ಪ್ರಶ್ನೆಯನ್ನು ಮಗನಿಗೆ ಮಾತ್ರ ಕೇಳಿದರೆ ಸಾಲದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಹಕ್ಕನ್ನು ಕರ್ನಾಟಕವು 1994ರಲ್ಲೇ, ಕೆಲವು ಮಿತಿಗಳೊಂದಿಗೆ, ಜಾರಿಗೆ ತಂದಿತು. 2005ರ ತಿದ್ದುಪಡಿಯಿಂದ ಅದು ದೇಶಕ್ಕೆಲ್ಲ ಅನ್ವಯವಾಯಿತು. ಹಕ್ಕು ಕಾಗದದ ಮೇಲೆ ಬಂದು ಇಷ್ಟು ವರ್ಷವಾದರೂ ‘ಅಂಗಡಿ ನೋಡಿಕೊಳ್ಳುತ್ತೀಯಾ?’ ಎಂಬ ಮಾತನ್ನು ಮಗಳಿಗೆ ಕೇಳುವ ಮನೆಗಳು ವಿರಳ. ದಾಸ್ತಾನು, ವಸೂಲಿ, ಲೆಕ್ಕ ಇವುಗಳಲ್ಲಿ ಆಸಕ್ತಿಯಿರುವ ಮಗಳು ಮನೆಯಲ್ಲೇ ಇರುವಾಗ, ಆಸಕ್ತಿಯಿಲ್ಲದ ಮಗನನ್ನು ಕೂರಿಸುವುದು ವ್ಯಾವಹಾರಿಕವಾಗಿಯೂ ಸರಿಯಾದ ಕ್ರಮವಲ್ಲ.

ಪ್ರಥಮ ಪಿಯುಸಿಯ ರಜೆಯಲ್ಲಿ ಮಗನಾಗಲಿ ಮಗಳಾಗಲಿ ಒಂದು ತಿಂಗಳು ಅಂಗಡಿಯ ಎಲ್ಲ ಕೆಲಸಗಳನ್ನೂ ನೋಡಲಿ. ಮಾರಾಟದ ಕಟ್ಟೆಯ ಜೊತೆಗೆ ಖರೀದಿ, ಬ್ಯಾಂಕ್, ತೆರಿಗೆ, ಬಾಕಿ ವಸೂಲಿಯ ಕಷ್ಟಗಳೂ ತಿಳಿಯಲಿ. ಅನಂತರ ಇನ್ನೊಬ್ಬರ ಉದ್ಯಮವನ್ನೋ ವೃತ್ತಿಯನ್ನೋ ಕೆಲವು ದಿನ ಗಮನಿಸಲಿ. ಎರಡನ್ನೂ ಕಂಡ ಬಳಿಕ ಮಕ್ಕಳು ಹೇಳುವ ಮಾತಿಗೆ ತೂಕವಿರುತ್ತದೆ.

ನೌಕರರ ಮಕ್ಕಳು ಮತ್ತು ನಮ್ಮ ಹೊಣೆ

ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೂ ಇದೇ ಪಿಯುಸಿ ತರಗತಿಗಳಲ್ಲಿ ಕುಳಿತಿದ್ದಾರೆ. ಅವರ ಮನೆಗಳಲ್ಲಿ ಈ ಗಡುವು, ಅರ್ಜಿಗಳ ವಿವರವನ್ನು ಹೇಳುವವರು ಇಲ್ಲದಿರಬಹುದು. ವರ್ಷಕ್ಕೊಮ್ಮೆ ಅರ್ಧ ಗಂಟೆ ಕುಳಿತು ಅವರ ಮಕ್ಕಳ ಓದಿನ ಬಗ್ಗೆ ವಿಚಾರಿಸುವುದು ಮಾಲೀಕರಿಗೆ ಹೊರೆಯಲ್ಲ. ಓದಿನ ಜೊತೆಗೆ ಸಂಪಾದನೆಯೂ ಅಗತ್ಯವಾದವರಿಗೆ 1961ರ ಅಪ್ರೆಂಟಿಸ್ ಕಾಯಿದೆಯ ತರಬೇತಿ ಒಂದು ಗೌರವದ ದಾರಿ. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವುದು ಕಡ್ಡಾಯ; 4ರಿಂದ 29 ಜನರಿರುವ ಸಂಸ್ಥೆಗಳಿಗೆ ಅದು ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಡಿ ಶಿಷ್ಯವೇತನದ ಕಾಲು ಭಾಗವನ್ನು, ನಿಗದಿತ ಮಿತಿಗೊಳಪಟ್ಟು, ಸರ್ಕಾರ ಭರಿಸುತ್ತದೆ. ಸಣ್ಣ ಸಂಸ್ಥೆಗಳ ಸದಸ್ಯರು ಈ ಐಚ್ಛಿಕ ಅವಕಾಶವನ್ನು ಬಳಸಿಕೊಳ್ಳಬೇಕು.

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಪ್ರಥಮ ಪಿಯುಸಿ ಓದುವ ಮಗುವಿದ್ದರೆ ಈ ತಿಂಗಳ ಒಂದು ಭಾನುವಾರ ಅಂಗಡಿಯ ಬಾಗಿಲು ಹಾಕಿ, ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಮಗುವಿನೊಡನೆ ಕುಳಿತುಕೊಳ್ಳಿ. ಮೂರು ಆಯ್ಕೆಗಳು, ಪ್ರತಿಯೊಂದರ ವೆಚ್ಚ, ಪ್ರತಿಯೊಂದರ ಅರ್ಜಿಯ ತಿಂಗಳು, ಇಷ್ಟನ್ನು ಬರೆಯಿರಿ. ಮೂರರಲ್ಲಿ ಅಂಗಡಿಯೂ ಒಂದಾಗಿರಲಿ, ಆದರೆ ಮೂರರಲ್ಲಿ ಒಂದಾಗಿಯೇ ಇರಲಿ. ಆರು ತಿಂಗಳ ನಂತರ ಅದೇ ಹಾಳೆಯನ್ನು ಮತ್ತೆ ತೆರೆದು ತಿದ್ದಿರಿ. ಪೆನ್ನು ಮಾತ್ರ ಮಗುವಿನ ಕೈಯಲ್ಲಿರಲಿ.