ಐಸಿಯು ಬಾಗಿಲಲ್ಲಿ ನಮ್ಮ ಪರವಾಗಿ ಮಾತನಾಡುವವರು ಯಾರು?

ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ ಅವರ ಹೆಸರು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಈ ನಗರಕ್ಕೆ ದುಡಿಯಲು ಬಂದವರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ನಡೆದ ಹಲ್ಲೆಯಲ್ಲಿ ಮಿದುಳಿಗೆ ಹಾನಿಯಾಗಿ ಮಾತು ಕಳೆದುಕೊಂಡ ಅವರು, 2015ರ ಮೇ 18ರಂದು ತೀರಿಕೊಳ್ಳುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಹಾಸಿಗೆಯಲ್ಲಿದ್ದರು.

ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ನೆಮ್ಮದಿಯಿಂದ ಹೋಗಲು ಬಿಡಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನಾವು ನೋಡಿಕೊಳ್ಳುತ್ತೇವೆ, ಅರುಣಾ ಬದುಕಿರಲಿ ಎಂದರು ಕೆಇಎಂನ ದಾದಿಯರು. 2011ರ ಮಾರ್ಚ್ 7ರ ತೀರ್ಪು ಆಸ್ಪತ್ರೆಯವರ ಪರವಾಗಿತ್ತು. ಎರಡೂ ಕಡೆಯವರು ಅರುಣಾ ಅವರ ಒಳಿತನ್ನೇ ಬಯಸಿದ್ದರು. ಆದರೆ ಸ್ವತಃ ಅವರಿಗೆ ಏನು ಬೇಕಿತ್ತೆಂದು ತಿಳಿಸುವ ಒಂದು ಚೀಟಿಯೂ ಯಾರ ಬಳಿಯೂ ಇರಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಯಾರು ತಾನೆ ಬರೆದಿಡುತ್ತಾರೆ?

ಅರವತ್ತು ದಾಟಿದವರಾದರೂ ಬರೆದಿಟ್ಟಿದ್ದಾರೆಯೇ? ಬ್ಯಾಂಕಿನ ಡೆಪಾಸಿಟ್ಟಿಗೆ, ಎಲ್‌ಐಸಿ ಪಾಲಿಸಿಗೆ, ಸೊಸೈಟಿಯ ಫ್ಲಾಟಿಗೆ ನಾಮಿನಿ ಹೆಸರು ಕೊಟ್ಟಿರುತ್ತೇವೆ. ಇವೆಲ್ಲ ನಾವು ಸತ್ತ ಮೇಲೆ ಕೆಲಸಕ್ಕೆ ಬರುವ ಕಾಗದಗಳು. ಬದುಕಿದ್ದೂ ಮಾತು ನಿಂತರೆ ಇವುಗಳಿಂದ ಪ್ರಯೋಜನವಿಲ್ಲ. ಮಾಮೂಲಿ ಪವರ್ ಆಫ್ ಅಟಾರ್ನಿ ಕೂಡ, ಬರೆದುಕೊಟ್ಟವರ ಬುದ್ಧಿಸ್ವಾಧೀನ ತಪ್ಪಿದರೆ ಬಿದ್ದುಹೋಗುತ್ತದೆ. ಆಗ ಡೊಂಬಿವಲಿಯ ಮಗ ಒಂದು ಹೇಳುತ್ತಾನೆ, ಅಮೆರಿಕದ ಮಗಳು ಫೋನಿನಲ್ಲಿ ಇನ್ನೊಂದು. ಊರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ದೊಡ್ಡಪ್ಪ, ‘ವೆಂಟಿಲೇಟರ್ ತೆಗೆದರೆ ನಾಲ್ಕು ಜನ ಏನೆಂದಾರು?’ ಎನ್ನುತ್ತಾರೆ. ಮಲಗಿರುವವರ ಪಕ್ಕದಲ್ಲಿ ನಲವತ್ತು ವರ್ಷ ಬಾಳಿದ ಹೆಂಡತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಪರಿಸ್ಥಿತಿಗೆಂದೇ ಈಗ ಒಂದು ಕಾಗದ ಉಂಟು. ಲಿವಿಂಗ್ ವಿಲ್ ಎಂದು ಕರೆಯುವ ಇದಕ್ಕೆ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯತೆ ನೀಡಿತು. ಮೊದಲು ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು, ಹಾಗಾಗಿ ಜನ ಅತ್ತ ಸುಳಿಯಲಿಲ್ಲ. 2023ರ ಜನವರಿ 24ರಂದು ನ್ಯಾಯಾಲಯ ನಿಯಮ ಸಡಿಲಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಯಾವ ಚಿಕಿತ್ಸೆ ಬೇಡ, ಎಂಥ ಸ್ಥಿತಿಯಲ್ಲಿ ಬೇಡ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ತಮ್ಮ ಪರವಾಗಿ ಒಪ್ಪಿಗೆ ಕೊಡಬೇಕಾದವರ ಹೆಸರನ್ನೂ ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಹೆಸರು ಕೊಡಬಹುದು. ಹೆಂಡತಿಯ ಹೆಸರು ಅಲ್ಲಿದ್ದರೆ ದೊಡ್ಡಪ್ಪ ಸ್ವಲ್ಪ ಸುಮ್ಮನಿರಬೇಕಾಗುತ್ತದೆ.

ಇದನ್ನು ದಯಾಮರಣದ ಇಂಜೆಕ್ಷನ್ ಎಂದು ಹೆದರುವವರಿದ್ದಾರೆ. ಅದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ಗುಣವಾಗುವ ಆಸೆಯೇ ಇಲ್ಲದ ಕಾಯಿಲೆಯಲ್ಲಿ, ರೋಗಿಗೆ ತಾನೇ ತೀರ್ಮಾನಿಸುವ ಶಕ್ತಿ ಇಲ್ಲದಿದ್ದಾಗ ಮಾತ್ರ ಈ ಕಾಗದ ಹೊರಬರುತ್ತದೆ. ಆಗಲೂ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ ನೋಡಿ ಒಪ್ಪಬೇಕು. ಅಪಘಾತವಾಗಿ ಬಂದವರನ್ನು ಚಿಕಿತ್ಸೆಯಿಲ್ಲದೆ ಬಿಟ್ಟುಬಿಡುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದ ಮೂಲಕ ರದ್ದುಪಡಿಸಬಹುದು.

ಒಂದು ಪ್ರತಿ ಹೆಸರಿಸಿದವರ ಕೈಗೆ, ಒಂದು ಮನೆವೈದ್ಯರಿಗೆ, ಇನ್ನೊಂದು ಸ್ಥಳೀಯ ಸಂಸ್ಥೆಗೆ ಕೊಡಬೇಕು. ಇದಕ್ಕಾಗಿ ಮುಂಬಯಿ ಮಹಾನಗರಪಾಲಿಕೆ ಅಧಿಕಾರಿಗಳನ್ನು ನೇಮಿಸಿದೆ. ನಿವೃತ್ತರಾಗಿ ಊರಿಗೆ ಮರಳುವವರಿಗೂ ದಾರಿಯುಂಟು. ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಈ ತೀರ್ಪನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಕಾಗದಕ್ಕಿಂತ ಕಷ್ಟದ್ದು ಮಕ್ಕಳೆದುರು ಈ ಮಾತು ತೆಗೆಯುವುದು. ‘ಅಪಶಕುನ ನುಡಿಯಬೇಡಿ’ ಎಂದು ಎದ್ದು ಹೋಗುವವರೇ ಹೆಚ್ಚು. ಗಣೇಶ ಚೌತಿಗೋ ದೀಪಾವಳಿಗೋ ಎಲ್ಲರೂ ಸೇರಿದಾಗ, ಊಟವಾದ ಮೇಲೆ, ಮಕ್ಕಳ ಜೊತೆ ಅಳಿಯ ಸೊಸೆಯಂದಿರೂ ಕೇಳುವಂತೆ ಒಮ್ಮೆ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ. ಮೂಲಪ್ರತಿಯನ್ನು ಬ್ಯಾಂಕ್ ಲಾಕರಿನಲ್ಲಿ ಇಡುವ ಅಭ್ಯಾಸ ನಮ್ಮವರಿಗಿದೆ. ಲಾಕರ್ ಒಬ್ಬರದೇ ಹೆಸರಿನಲ್ಲಿದ್ದು ಅವರೇ ಐಸಿಯುವಿನಲ್ಲಿದ್ದರೆ ಅದನ್ನು ತೆರೆಯುವವರಿಲ್ಲ. ರೇಷನ್ ಕಾರ್ಡ್, ಮೆಡಿಕ್ಲೇಮ್ ಫೈಲು ಇಡುವ ಕಪಾಟಿನಲ್ಲೇ ಅದೂ ಇರಲಿ.