ಧ್ರುವಪ್ರಭೆ ಎಂಬ ಬೆರಗು

ನಾರ್ವೆ ದೇಶದ ಉತ್ತರ ಭಾಗದಲ್ಲಿ ಟ್ರೋಮ್ಸೊ ಎಂಬ ಪಟ್ಟಣವಿದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನೆಲದ ತುಂಬ ಹಿಮ, ನಡುಹಗಲಲ್ಲೂ ಮಬ್ಬು. ಇಂಥ ಊರಿಗೆ ಪ್ರಪಂಚದ ಮೂಲೆಮೂಲೆಗಳಿಂದ ಜನ ಚಳಿಗಾಲದಲ್ಲೇ ಹುಡುಕಿಕೊಂಡು ಬರುತ್ತಾರೆ. ರಾತ್ರಿ ಊರಿನ ದೀಪಗಳಿಂದ ದೂರ ಹೋಗಿ, ಉಣ್ಣೆಯ ಉಡುಪಿನೊಳಗೂ ನಡುಗುತ್ತ ಆಕಾಶ ನೋಡುತ್ತ ನಿಲ್ಲುತ್ತಾರೆ. ಅವರು ಕಾಯುವುದು ಧ್ರುವಪ್ರಭೆಗಾಗಿ.

ಮೊದಲು ಕಾಣುವುದು ತೆಳು ಮೋಡದಂಥ ಬಿಳಿಚು ಪಟ್ಟಿ. ಇದೇನಾ ಎಂದು ನಿರಾಸೆಯಾಗುವಷ್ಟರಲ್ಲಿ ಅದು ಹಸಿರಾಗುತ್ತದೆ, ಮಡಿಕೆ ಮಡಿಕೆಯಾಗಿ ಇಳಿಬಿದ್ದ ಪರದೆಯಾಗುತ್ತದೆ. ಯಾರೋ ಒಂದು ತುದಿ ಹಿಡಿದು ಅಲುಗಿಸಿದಂತೆ ಆಕಾಶದ ಈ ಕೊನೆಯಿಂದ ಆ ಕೊನೆಗೆ ಓಡುತ್ತದೆ. ಅಂಚಿನಲ್ಲಿ ನಸುಗೆಂಪು ಮಿನುಗುತ್ತದೆ. ಪರದೆಯ ಹಿಂದಿನ ನಕ್ಷತ್ರಗಳು ಅದರ ಮೂಲಕವೇ ಕಾಣುತ್ತವೆ. ಇಷ್ಟೆಲ್ಲ ಆರ್ಭಟ ನಡೆದರೂ ನೋಡುವವರ ಕಿವಿಗೆ ಸಾಮಾನ್ಯವಾಗಿ ಒಂದು ಸದ್ದೂ ಬೀಳುವುದಿಲ್ಲ!

ಇದನ್ನು ಕಂಡ ಹಳೆಯ ಕಾಲದ ಜನ ತಮಗೆ ತೋಚಿದ ಕಥೆ ಕಟ್ಟಿದರು. ಫಿನ್ಲೆಂಡಿನ ಭಾಷೆಯಲ್ಲಿ ಧ್ರುವಪ್ರಭೆಯ ಹೆಸರಿನ ಅರ್ಥವೇ 'ನರಿಯ ಬೆಂಕಿ'. ನರಿ ಹಿಮದ ಮೇಲೆ ಓಡುವಾಗ ಅದರ ಬಾಲ ಬಡಿದು ಕಿಡಿ ಹಾರುತ್ತದೆಂದು ಅವರ ಕಥೆ. ವಿಜ್ಞಾನದಲ್ಲಿ ಉಳಿದಿರುವ 'ಅರೋರಾ ಬೋರಿಯಾಲಿಸ್' ಎಂಬ ಹೆಸರೂ ಪುರಾಣದ್ದೇ. ಅರೋರಾ ಎಂದರೆ ರೋಮನರ ಉಷಾದೇವಿ. ಬೋರಿಯಸ್ ಗ್ರೀಕರ ಉತ್ತರ ಗಾಳಿಯ ದೇವತೆ. ದಕ್ಷಿಣ ಧ್ರುವದ ಕಡೆಯೂ ಇದೇ ಬೆಳಕು ಕಾಣುತ್ತದೆ. ಅದು 'ಅರೋರಾ ಆಸ್ಟ್ರಾಲಿಸ್'.

ವಿದ್ಯಾರ್ಥಿಗಳೇ, ಈ ಬೆರಗಿನ ಗುಟ್ಟು ಬಿಡಿಸಿದ್ದು ಯಾವುದೋ ದೈತ್ಯಯಂತ್ರವಲ್ಲ. ಒಂದು ದಿಕ್ಸೂಚಿ, ಒಂದು ಗಾಜಿನ ಪಟ್ಟಕ, ಒಂದು ಅಯಸ್ಕಾಂತದ ಚೆಂಡು, ಎರಡು ಕ್ಯಾಮೆರಾ. ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಇವುಗಳಲ್ಲಿ ಎರಡಾದರೂ ಇದ್ದಾವು.

ಸೂಜಿ ಕೊಟ್ಟ ಸುಳಿವು

ಸೆಲ್ಸಿಯಸ್ ಎಂದೊಡನೆ ನಿಮಗೆ ಉಷ್ಣಮಾಪಕ ನೆನಪಾಗುತ್ತದೆ. ಅದೇ ಆ್ಯಂಡರ್ಸ್ ಸೆಲ್ಸಿಯಸ್ ಮತ್ತು ಅವನ ಜೊತೆಗಾರ ಓಲೊಫ್ ಹ್ಯೋರ್ಟರ್, ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾಂತಸೂಜಿಯೊಂದರ ಚಲನೆಯನ್ನು ತಾಳ್ಮೆಯಿಂದ ಸಾವಿರಾರು ಬಾರಿ ಬರೆದಿಟ್ಟರು. 1741ರಲ್ಲಿ ಅವರಿಗೊಂದು ಸಂಗತಿ ಹೊಳೆಯಿತು. ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿಕೊಂಡ ರಾತ್ರಿ ಸೂಜಿಯೂ ತಳಮಳಿಸುತ್ತಿತ್ತು. ಎಲ್ಲೋ ಮೇಲಿನ ಬೆಳಕಿಗೂ ಮೇಜಿನ ಮೇಲಿನ ಸೂಜಿಗೂ ಎತ್ತಣಿಂದೆತ್ತ ಸಂಬಂಧ? ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿ ಹಿಡಿದರೆ ಸೂಜಿ ತಿರುಗುವುದನ್ನು ನೀವು ನೋಡಿದ್ದೀರಿ. ಹಾಗಾದರೆ ಆಕಾಶದಲ್ಲೂ ವಿದ್ಯುತ್ ಹರಿಯುತ್ತಿರಬೇಕು! ಈ ಊಹೆ ಖಚಿತವಾಗಲು ಇನ್ನೂ ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಬಣ್ಣದ ಗುಟ್ಟು

ಗಾಳಿಯಲ್ಲಿ ತೇಲುವ ಹಿಮದ ಹರಳುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಧ್ರುವಪ್ರಭೆ ಉಂಟಾಗುತ್ತದೆಂದು ಬಹಳ ಜನ ನಂಬಿದ್ದರು. 1867ರಲ್ಲಿ ಆಂಗ್‌ಸ್ಟ್ರಮ್ ಎಂಬ ಸ್ವೀಡನ್ನಿನ ವಿಜ್ಞಾನಿ ಆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ನೋಡಿದ. ಸೂರ್ಯನ ಬೆಳಕೇ ಪ್ರತಿಫಲಿಸಿದ್ದರೆ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಒಂದಕ್ಕೊಂದು ಅಂಟಿಕೊಂಡು ಕಾಣಬೇಕಿತ್ತು. ಅವನಿಗೆ ಎದ್ದು ಕಂಡದ್ದು ಒಂದು ಹಸಿರು ಗೆರೆ. ಹಾಗೆ ಬಿಡಿ ಗೆರೆಗಳಾಗಿ ಹೊಳೆಯುವುದು ಅನಿಲದ ಲಕ್ಷಣ. ಆದರೆ ಯಾವ ಅನಿಲ? ಉತ್ತರ ಸಿಕ್ಕಿದ್ದು 1925ರಲ್ಲಿ, ಕೆನಡಾದ ಟೊರಾಂಟೊದ ಪ್ರಯೋಗಾಲಯದಲ್ಲಿ. ಅದು ನಾವು ಉಸಿರಾಡುವ ಆಮ್ಲಜನಕವೇ ಆಗಿತ್ತು.

ಎಲೆಕ್ಟ್ರಾನ್ ಬಂದು ಬಡಿದಾಗ ಆಮ್ಲಜನಕದ ಪರಮಾಣು ಶಕ್ತಿ ಪಡೆದು ಉದ್ರೇಕಗೊಳ್ಳುತ್ತದೆ. ಆ ಶಕ್ತಿಯನ್ನು ಬೆಳಕಾಗಿ ಹೊರಬಿಟ್ಟು ಮತ್ತೆ ಶಾಂತವಾಗುತ್ತದೆ. ಹಸಿರು ಬೆಳಕು ಬಿಡಲು ಅದಕ್ಕೆ ಸುಮಾರು ಮುಕ್ಕಾಲು ಸೆಕೆಂಡು ಸಾಕು. ಕೆಂಪು ಬೆಳಕಿಗೆ ಎರಡು ನಿಮಿಷದ ಹತ್ತಿರ ಬೇಕು. ಜಾತ್ರೆಯ ನೂಕುನುಗ್ಗಲಿನಲ್ಲಿ ಎರಡು ನಿಮಿಷ ಯಾರ ಮೈಯೂ ತಾಗದಂತೆ ನಿಲ್ಲಲಾದೀತೇ? ಕೆಳಗಿನ ಗಾಳಿಯಲ್ಲಿ ಪರಮಾಣುವಿನ ಪಾಡೂ ಹಾಗೆಯೇ. ಬೆಳಕು ಬಿಡುವ ಮೊದಲೇ ಯಾವುದೋ ಅಣು ಬಂದು ಡಿಕ್ಕಿ ಹೊಡೆದು ಶಕ್ತಿ ಕಸಿದುಕೊಳ್ಳುತ್ತದೆ. ಆದ್ದರಿಂದ ಕೆಂಪು ಕಾಣುವುದು ಗಾಳಿ ತೀರ ವಿರಳವಾದ, 200 ಕಿಲೋಮೀಟರಿಗೂ ಮೇಲಿನ ಎತ್ತರದಲ್ಲಿ. ಹಸಿರು ಅದರ ಕೆಳಗೆ. ಇನ್ನು ನೀಲಿ ಮತ್ತು ಅಡಿಯಂಚಿನ ನಸುಗೆಂಪು, ಸಾರಜನಕದ ಕೊಡುಗೆ.

ಡಬ್ಬಿಯೊಳಗಿನ ಭೂಮಿ

ಧ್ರುವಪ್ರಭೆಗಾಗಿ ಬದುಕನ್ನೇ ತೇದವರಲ್ಲಿ ನಾರ್ವೆಯ ಕ್ರಿಶ್ಚಿಯನ್ ಬಿರ್ಕೆಲಾಂಡ್ (1867-1917) ಮುಖ್ಯರು. ಅವರು ತಂಡ ಕಟ್ಟಿಕೊಂಡು ಹಾಲ್ಡೆ ಎಂಬ 900 ಮೀಟರ್ ಎತ್ತರದ ಬೆಟ್ಟದ ತಲೆಗೇರಿ, ಕಲ್ಲಿನ ಮನೆ ಕಟ್ಟಿಸಿ, ಚಳಿಗಾಲವಿಡೀ ಅಲ್ಲೇ ಇದ್ದು ಅಳತೆ ಮಾಡಿದರು. ಈ ಸಾಹಸಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಒಮ್ಮೆ ಹಿಮಕುಸಿತದಿಂದ ತಂಡದಲ್ಲಿ ಪ್ರಾಣಹಾನಿಯಾಯಿತು. ಇನ್ನೊಮ್ಮೆ, ಹೆಲ್ಲಾಂಡ್-ಹಾನ್ಸೆನ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಬೆರಳುಗಳು ಹಿಮಗಡಿತಕ್ಕೆ ಸಿಕ್ಕಿ ಹೋದವು. ಶಸ್ತ್ರವೈದ್ಯನಾಗುವ ದಾರಿ ಮುಚ್ಚಿತು. ಆತ ಕೈಚೆಲ್ಲಿ ಕೂರಲಿಲ್ಲ. ಸಮುದ್ರವಿಜ್ಞಾನದ ಕಡೆ ಹೊರಳಿ ಆ ಕ್ಷೇತ್ರದಲ್ಲಿ ದೊಡ್ಡ ಹೆಸರು ಗಳಿಸಿದ.

ಊರಿಗೆ ಮರಳಿದ ಬಿರ್ಕೆಲಾಂಡ್ ಗಾಜಿನ ಪೆಟ್ಟಿಗೆಯೊಳಗೆ ಒಂದು ಲೋಹದ ಚೆಂಡು ತೂಗುಹಾಕಿದರು. ಚೆಂಡಿನೊಳಗೆ ವಿದ್ಯುತ್ಕಾಂತವಿತ್ತು. ಪೆಟ್ಟಿಗೆಯ ಗಾಳಿ ಹೊರತೆಗೆದು ಚೆಂಡಿನತ್ತ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ ಅದರ ಎರಡೂ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿತು! ಭೂಮಿಯ ಕಾಂತಕ್ಷೇತ್ರದ ರೇಖೆಗುಂಟ ಆಕಾಶದಲ್ಲಿ ವಿದ್ಯುತ್ ಪ್ರವಾಹ ಇಳಿಯುತ್ತದೆಂದು ಅವರು ವಾದಿಸಿದರು. ಹೆಸರಾಂತ ವಿಜ್ಞಾನಿಗಳೂ ಇದನ್ನು ಒಪ್ಪಲಿಲ್ಲ. 1917ರಲ್ಲಿ ಟೋಕಿಯೋದಲ್ಲಿ ಅವರು ತೀರಿಕೊಂಡಾಗಲೂ ವಾದ ಇತ್ಯರ್ಥವಾಗಿರಲಿಲ್ಲ. 1960ರ ದಶಕದಲ್ಲಿ ಕೃತಕ ಉಪಗ್ರಹದ ಕಾಂತಮಾಪಕ ಆ ಪ್ರವಾಹಗಳ ಸುಳಿವು ಹಿಡಿಯಿತು. ಈಗ ಅವಕ್ಕೆ 'ಬಿರ್ಕೆಲಾಂಡ್ ಪ್ರವಾಹ' ಎಂದೇ ಹೆಸರು.

ಅವರ ಪ್ರಯೋಗ ಕಂಡು ಮರುಳಾದ ಗಣಿತದ ಪ್ರಾಧ್ಯಾಪಕ ಕಾರ್ಲ್ ಸ್ಟೋರ್ಮರ್ 1910ರಿಂದ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ದೂರ ದೂರದ ಎರಡು ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ಟೆಲಿಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣಕ್ಕೆ ಚಿತ್ರ ತೆಗೆಸಿದರು. ಹಿನ್ನೆಲೆಯ ನಕ್ಷತ್ರಗಳಿಗೆ ಹೋಲಿಸಿದರೆ ಎರಡು ಚಿತ್ರಗಳಲ್ಲಿ ಪ್ರಭೆಯ ಸ್ಥಾನ ತುಸು ಬೇರೆ. ಉಳಿದದ್ದು ನಿಮ್ಮ ಪುಸ್ತಕದ ತ್ರಿಕೋನಮಿತಿ. ಪರದೆಯ ಕೆಳ ಅಂಚು ಸಾಮಾನ್ಯವಾಗಿ ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿದೆಯೆಂದು ತಿಳಿಯಿತು.

ಸೂರ್ಯನಿಂದ ಹೊರಟ ಗಾಳಿ

ಈಗ ಚಿತ್ರ ಸ್ಪಷ್ಟವಾಗಿದೆ. ಸೂರ್ಯನಿಂದ ಎಲೆಕ್ಟ್ರಾನ್, ಪ್ರೋಟಾನುಗಳ ಗಾಳಿ ಸದಾ ಹೊರಡುತ್ತಿರುತ್ತದೆ. ಇದೇ ಸೌರ ಮಾರುತ. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ 15 ಕೋಟಿ ಕಿಲೋಮೀಟರ್ ದಾಟಿ ನಾಲ್ಕು ದಿನಗಳಲ್ಲಿ ನಮ್ಮನ್ನು ಮುಟ್ಟುತ್ತದೆ. ಭೂಮಿಯ ಕಾಂತಕ್ಷೇತ್ರ ಅದರ ಬಹುಪಾಲನ್ನು ಪಕ್ಕಕ್ಕೆ ಸರಿಸುತ್ತದೆ. ಆ ಒತ್ತಡಕ್ಕೆ ಕಾಂತಕ್ಷೇತ್ರ ರಾತ್ರಿಯ ಬದಿಯಲ್ಲಿ ಬಾಲದಂತೆ ಎಳೆದುಕೊಳ್ಳುತ್ತದೆ. ಎಳೆದ ರಬ್ಬರು ಬಿಟ್ಟಂತೆ, ಅಲ್ಲಿ ಕೂಡಿಟ್ಟ ಶಕ್ತಿ ಆಗಾಗ ಬಿಡುಗಡೆಯಾಗಿ ಎಲೆಕ್ಟ್ರಾನುಗಳನ್ನು ಧ್ರುವಗಳತ್ತ ಚಿಮ್ಮಿಸುತ್ತದೆ. ಉಳಿದದ್ದು ಆಗಲೇ ಹೇಳಿದ ಹಸಿರು, ಕೆಂಪಿನ ಕಥೆ.

ಸೂರ್ಯ ಕೆರಳಿದಾಗ ಇದು ಬರಿಯ ಚೆಂದದ ನೋಟವಾಗಿ ಉಳಿಯುವುದಿಲ್ಲ. 1859ರ ಸೆಪ್ಟೆಂಬರಿನ ಮಹಾ ಕಾಂತಬಿರುಗಾಳಿಯಲ್ಲಿ ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದವು. ಕೆರಿಬಿಯನ್ ಪ್ರದೇಶದಲ್ಲೂ ಧ್ರುವಪ್ರಭೆ ಕಂಡಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಆ ದಿನ ಬರೆದಿಟ್ಟ ಕಾಂತಸೂಜಿಯ ಅಳತೆಗಳು ಇಂದಿಗೂ ವಿಜ್ಞಾನಿಗಳಿಗೆ ಅಮೂಲ್ಯ ದಾಖಲೆ. 1989ರ ಮಾರ್ಚ್ 13ರಂದು ಇಂಥದೇ ಬಿರುಗಾಳಿ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನರನ್ನು ಗಂಟೆಗಟ್ಟಲೆ ಕತ್ತಲಲ್ಲಿ ಕೂರಿಸಿತು. ಸೂರ್ಯನ ಮೇಲೆ ಕಣ್ಣಿಡಲೆಂದೇ ಭಾರತ 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯನ್ನು ಹಾರಿಸಿತು.

ನಮಗೂ ಕಂಡೀತೇ?

ಕಾಂತೀಯ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯ ಬಳಿಯೇ ಹಾದುಹೋಗುವುದರಿಂದ ಕರ್ನಾಟಕದ ಆಕಾಶದಲ್ಲಿ ಧ್ರುವಪ್ರಭೆಯ ಆಸೆ ಇಟ್ಟುಕೊಳ್ಳುವಂತಿಲ್ಲ. ಆದರೆ 2024ರ ಮೇ 10ರ ರಾತ್ರಿ ಕಳೆದು 11ರ ಬೆಳಗಾಗುವ ಮುನ್ನ, ಲಡಾಖಿನ ಹಾನ್ಲೆಯಲ್ಲಿರುವ ವೀಕ್ಷಣಾಲಯದ ಕ್ಯಾಮೆರಾಗಳು ಉತ್ತರ ದಿಗಂತದಲ್ಲಿ ಕೆಂಪು ಹೊಳಪನ್ನು ಹಿಡಿದವು. ಹಸಿರಲ್ಲದೆ ಕೆಂಪೇ ಏಕೆ? ಮೇಲಿನ ವಿವರಣೆ ಓದಿದವರು ಹೇಳಬಲ್ಲರು: ಅಷ್ಟು ದೂರದಿಂದ, ಭೂಮಿಯ ಉಬ್ಬಿನಾಚೆಗೂ ಕಾಣಸಿಗುವುದು ತೀರ ಎತ್ತರದ ಬಣ್ಣ ಮಾತ್ರ. ಈ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ!

ಆಂಗ್‌ಸ್ಟ್ರಮ್ ಮಾಡಿದ್ದನ್ನು ನೀವು ಮನೆಯಲ್ಲೇ ಮಾಡಬಹುದು. ಹಳೆಯ ಸಿ.ಡಿ.ಯೊಂದನ್ನು ಓರೆಯಾಗಿ ಹಿಡಿದು ಮೊದಲು ಮೇಣದ ಬತ್ತಿಯ, ಬಳಿಕ ಹಳೆಯ ಮಾದರಿಯ ಟ್ಯೂಬ್‌ಲೈಟಿನ ಅಥವಾ ಸಿ.ಎಫ್.ಎಲ್. ದೀಪದ ಪ್ರತಿಬಿಂಬ ನೋಡಿ. ಒಂದರಲ್ಲಿ ಬಣ್ಣಗಳು ಎಡೆಬಿಡದೆ ಹರಡಿರುತ್ತವೆ, ಇನ್ನೊಂದರಲ್ಲಿ ಬಿಡಿ ಬಿಡಿಯಾಗಿ ಎದ್ದು ಕಾಣುತ್ತವೆ. ಎರಡನೆಯ ದೀಪದ ಗಾಜಿನೊಳಗೆ ಹೊಳೆಯುವುದು ಅನಿಲ. ಸಿ.ಡಿ.ಯಲ್ಲಿ ಸೂರ್ಯನನ್ನು ಮಾತ್ರ ನೋಡಬೇಡಿ, ಕಣ್ಣಿಗೆ ಅಪಾಯ.

ತಂದೆತಾಯಂದಿರಿಗೂ ಒಂದು ಮಾತು. ಮಗು "ಆಕಾಶ ಯಾಕೆ ಹಾಗೆ ಹೊಳೆಯುತ್ತದೆ?" ಎಂದು ಕೇಳಿದಾಗ "ಪರೀಕ್ಷೆಗೆ ಬರುವುದನ್ನು ಮೊದಲು ಓದು" ಎನ್ನುವುದು ಸುಲಭ. ಕಾರಣ ತಿಳಿದರೆ ಸೊಬಗು ಹೋಗುತ್ತದೆಂಬ ಮಾತೂ ಇದೆ. ಆದರೆ ಹಸಿರು ಪರದೆ ಕಂಡು ಬೆರಗಾಗುವವನು, ಅದು ಮುಕ್ಕಾಲು ಸೆಕೆಂಡು ತಡೆದು ಹೊಳೆದ ಆಮ್ಲಜನಕವೆಂದು ತಿಳಿದರೆ ಇನ್ನೊಮ್ಮೆ ಬೆರಗಾಗುತ್ತಾನೆ. ಸೆಲ್ಸಿಯಸ್‌ನಿಂದ ಬಿರ್ಕೆಲಾಂಡ್‌ವರೆಗೆ ಎಲ್ಲರನ್ನೂ ಚಳಿಯಲ್ಲಿ ನಿಲ್ಲಿಸಿದ್ದು ಅಂಥದೇ ಒಂದು ಪ್ರಶ್ನೆ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಮಗುವಿನ ಜೊತೆ ಕುಳಿತು ಹುಡುಕಿ.