ತಂದೆತಾಯಿಗಳ ವಿಡಿಯೋಗಳಲ್ಲಿ ಮಕ್ಕಳು: ಕಾಯದೆಯ ಆಸರೆ ಎಷ್ಟು?

ಸಂಕ್ರಮಣದ ಸಮಯಕ್ಕೆ ನಮ್ಮ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜಗಳ ಮೆರವಣಿಗೆ ಹೊರಟಾಗ, ಬಿಳಿಯ ಬಾರಾಬಂದಿ ತೊಟ್ಟ ಮಗನ ಚಿತ್ರವನ್ನು ತಂದೆಯು ಮೊಬೈಲಿನಲ್ಲಿ ಹಿಡಿಯುವದು ಸಹಜವೇ. ಆ ಚಿತ್ರವು ಅಕ್ಕಲಕೋಟೆಯಲ್ಲಿರುವ ಅಜ್ಜಿಗೆ ತಲುಪಿದರೆ ಅದು ಮನೆಯ ಸಂತೋಷ. ಆದರೆ ಅದೇ ಮಗುವಿನ ಆಟ, ಅಳು, ಊಟಗಳನ್ನು ದಿನದಿನವೂ ಯೂಟ್ಯೂಬಿನಲ್ಲಿ ಪ್ರಕಟಿಸಿ, ಜಾಹೀರಾತುಗಳಿಂದ ಹಣ ಬರತೊಡಗಿದರೆ ಅದು ಉದ್ಯೋಗವೇ ಆಗುವದು. ಆ ಉದ್ಯೋಗದಲ್ಲಿ ದುಡಿಯುವ ಮಗುವಿಗೆ ಕಾಯದೆಯು ಏನು ಕೊಡುತ್ತದೆಂಬುದನ್ನು ಪಾಲಕರೂ ವಿದ್ಯಾರ್ಥಿಗಳೂ ಕೂಡಿಯೇ ತಿಳಿಯುವದು ಲೇಸು.

ಈ ಪ್ರಶ್ನೆ ಹಳೆಯದು. ಚಾರ್ಲಿ ಚಾಪ್ಲಿನ್ನರ 1921ರ 'ದಿ ಕಿಡ್' ಚಿತ್ರದಲ್ಲಿ ನಟಿಸಿ ಲೋಕಪ್ರಸಿದ್ಧನಾದ ಬಾಲಕ ಜ್ಯಾಕಿ ಕೂಗನ್. ಆತನು ಪ್ರಾಯಕ್ಕೆ ಬಂದು ನೋಡಲು, ತನ್ನ ಗಳಿಕೆಯ ಬಹುಭಾಗವನ್ನು ತಾಯಿಯೂ ಮಲತಂದೆಯೂ ವೆಚ್ಚ ಮಾಡಿಬಿಟ್ಟಿದ್ದರು. 1938ರಲ್ಲಿ ಆತನು ನ್ಯಾಯಾಲಯಕ್ಕೆ ಹೋದನು. ಮರುವರ್ಷವೇ ಕ್ಯಾಲಿಫೋರ್ನಿಯಾ ಸಂಸ್ಥಾನವು ಬಾಲನಟರ ಗಳಿಕೆಯಲ್ಲಿ ಒಂದು ಪಾಲನ್ನು ಅವರಿಗಾಗಿಯೇ ತೆಗೆದಿರಿಸುವ ಕಾಯದೆ ಮಾಡಿತು.

ನಮ್ಮ ದೇಶದಲ್ಲಿ 1986ರ ಬಾಲಕಾರ್ಮಿಕ ಕಾಯದೆಯನ್ನು 2016ರಲ್ಲಿ ತಿದ್ದಿ, 14 ವರ್ಷ ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಲಾಯಿತು. ಇದಕ್ಕೆ ಎರಡು ವಿನಾಯಿತಿಗಳುಂಟು. ಮೊದಲನೆಯದು ಚಲಚ್ಚಿತ್ರ, ದೂರದರ್ಶನ, ಜಾಹೀರಾತುಗಳಲ್ಲಿ ಕಲಾವಿದನಾಗಿ ಕೆಲಸ ಮಾಡುವದು. ಇದರ ಕಟ್ಟುಪಾಡುಗಳನ್ನು 2017ರ ನಿಯಮಗಳು ವಿವರವಾಗಿ ಹೇಳಿವೆ. ನಿರ್ಮಾಪಕನು ಜಿಲ್ಲಾಧಿಕಾರಿಗಳ ಅನುಮತಿ ಪಡೆಯತಕ್ಕದ್ದು. ದಿನಕ್ಕೆ 5 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ತಾಸಿಗಿಂತ ಹೆಚ್ಚು ಕೆಲಸ ಕೂಡದು. ಸತತವಾಗಿ 27 ದಿನಗಳನ್ನು ಮೀರಕೂಡದು. ಶಾಲೆಯ ಪಾಠ ತಪ್ಪಕೂಡದು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಮಾಡಿಸಲೇಕೂಡದು. ಗಳಿಕೆಯಲ್ಲಿ ಶೇಕಡಾ 20ಕ್ಕೆ ಕಡಿಮೆಯಿಲ್ಲದಷ್ಟು ಹಣವು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಮುದ್ದತಿ ಠೇವಣಿಗೆ ಸೇರಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಮಗುವಿನ ಕೈಗೆ ಬರತಕ್ಕದ್ದು.

ಎರಡನೆಯ ವಿನಾಯಿತಿ ಮನೆತನದ ಉದ್ಯೋಗದ್ದು. ಶಾಲೆ ಬಿಟ್ಟ ಮೇಲೆ ಇಲ್ಲವೆ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗುವು ಮನೆಯವರಿಗೆ ನೆರವಾಗಬಹುದು. ನವಿ ಪೇಠದ ಅಂಗಡಿಯಲ್ಲಿ ಸಂಜೆ ಹೊತ್ತು ತಂದೆಗೆ ಬಟ್ಟೆ ಮಡಚಿಕೊಡುವ ಹುಡುಗನನ್ನು ಕಣ್ಮುಂದೆ ತಂದುಕೊಂಡರೆ ಇದರ ಉದ್ದೇಶ ತಿಳಿಯುವದು. ಪಾಲಕರೇ ತಯಾರಿಸುವ ವಿಡಿಯೋಗಳನ್ನು ರಾಷ್ಟ್ರೀಯ ಬಾಲಹಕ್ಕು ಸಂರಕ್ಷಣಾ ಆಯೋಗದ 2022ರ ಕರಡು ಮಾರ್ಗಸೂಚಿಯು ಈ ಎರಡನೆಯ ಬಗೆಗೇ ಸೇರಿಸಿತು. ತೊಡಕು ಇಲ್ಲಿಯೇ ಇದೆ. ಮೊದಲನೆಯ ಬಗೆಗೆ ವಿಧಿಸಿದ ಅನುಮತಿಯಾಗಲಿ, ಠೇವಣಿಯಾಗಲಿ ಎರಡನೆಯದಕ್ಕೆ ಸ್ಪಷ್ಟವಾಗಿ ಅನ್ವಯಿಸುವದಿಲ್ಲ. ಅಂಗಡಿಯ ಹುಡುಗನನ್ನು ಕಾಣುವವರು ಓಣಿಯ ಗಿರಾಕಿಗಳು. ವಿಡಿಯೋದ ಮಗುವನ್ನು ಕಾಣುವವರು ಲಕ್ಷಾಂತರ ಅಪರಿಚಿತರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನನಗೆ ಸರಿಯೆನಿಸದು.

2023ರ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯದೆಯೂ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನೇ ಕೇಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಮಾತನ್ನು ಪ್ರೀತಿಯಿಂದ ಸಾಕುವ ತಂದೆತಾಯಿಗಳಿಗೆ ಅನ್ವಯಿಸುವದು ಅನ್ಯಾಯ. ಆದರೆ ಚಿತ್ರ ಹಿಡಿಯುವವರೂ, ಒಪ್ಪಿಗೆ ಕೊಡುವವರೂ, ಹಣ ಪಡೆಯುವವರೂ ಒಬ್ಬರೇ ಆದಾಗ ಮಗುವಿನ ಪರವಾಗಿ ಕೇಳುವವರು ಉಳಿಯುವದಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಕ್ಕಳ ಕುರುಹುಗಳು ಅಂತರ್ಜಾಲದಲ್ಲಿ ಅಳಿಯದೆ ಉಳಿಯುವದರ ಬಗ್ಗೆ ನ್ಯಾಯಮೂರ್ತಿ ಸಂಜಯ ಕಿಶನ್ ಕೌಲ್ ಅವರು ಆ ತೀರ್ಪಿನಲ್ಲಿಯೇ ಎಚ್ಚರಿಸಿದ್ದಾರೆ. ಫ್ರಾನ್ಸ್ ದೇಶವು 2020ರಲ್ಲಿ ಇನ್ನೂ ಮುಂದೆ ಹೋಗಿ, 16 ವರ್ಷದೊಳಗಿನ ಮಗುವು ಪಾಲಕರ ಒಪ್ಪಿಗೆಯಿಲ್ಲದೆಯೇ ತನ್ನ ಚಿತ್ರಗಳನ್ನು ತೆಗೆಯಿಸುವ ಹಕ್ಕನ್ನು ಕೊಟ್ಟಿತು.

ನಮ್ಮಲ್ಲಿ ಅಂಥ ಹಕ್ಕು ಇನ್ನೂ ಮಗುವಿನ ಕೈಗೆ ಬಂದಿಲ್ಲ. ಆದರೂ ಮಗುವಿಗೆ ವೃಥಾ ದೈಹಿಕ ಅಥವಾ ಮಾನಸಿಕ ಯಾತನೆ ಕೊಡುವದು 2015ರ ಬಾಲನ್ಯಾಯ ಕಾಯದೆಯ 75ನೆಯ ಕಲಮಿನಂತೆ ಅಪರಾಧ. ಪಾಲಕರೂ ಅದಕ್ಕೆ ಹೊರತಲ್ಲ. ಸಂಕಟದಲ್ಲಿರುವ ಮಗುವು 1098ಕ್ಕೆ ಕರೆ ಮಾಡಬಹುದು. ಇನ್ನು ಶೇಕಡಾ 20ರ ಠೇವಣಿಯನ್ನು ತಾವಾಗಿಯೇ ಇಡಬೇಕೆನ್ನುವ ಪಾಲಕರಿಗೆ ಯಾವ ಕಾಯದೆಯೂ ಅಡ್ಡ ಬರುವದಿಲ್ಲ. ಮಗುವಿನ ಹೆಸರಿನಲ್ಲಿ ಖಾತೆ ತೆರೆಯಲು ಬ್ಯಾಂಕುಗಳೂ ಅಂಚೆ ಕಚೇರಿಗಳೂ ಇದ್ದೇ ಇವೆ.